ಅಮ್ಮನ ಮೂಗು, ಪ್ಯಾರಿಸ್ಸಿನ ಪುನುಗು

ಕೆಲಸಕ್ಕೆ ಸೇರಿದ ಮೊದಲ ವಾರ ಅವರು ನನಗೆ ಕಲಿಸಿದ್ದು ಸೆಂಟು ಮಾರುವುದನ್ನಲ್ಲ, ಕತೆ ಹೇಳುವುದನ್ನು. ಷಿಕಾಗೋ ಪಕ್ಕದ ಓಕ್ ಬ್ರೂಕ್‌ನ ದೊಡ್ಡ ಮಾಲ್‌ನ ಒಂದು ಅಂಗಡಿಯ ಮೂಲೆಯಲ್ಲಿ ಫ್ರಾನ್ಸಿನ ಹಳೆಯ ಸುಗಂಧದ ಮನೆತನವೊಂದರ ಕೌಂಟರ್ ಇತ್ತು. ಒಂದು ಗಾಜಿನ ಬೀರು, ಅದರ ಮೇಲೊಂದು ದೀಪ, ಹಿಂದೆ ನಾನು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಕೆಮಿಸ್ಟ್ರಿ ಓದಿದ್ದೇನೆಂದು ಕೆಲಸ ಕೊಟ್ಟರು ಅಂತ ನಾನು ಬೀಗಿದ್ದೆ. ಆಮೇಲೆ ಗೊತ್ತಾಯಿತು, ಅವರ ಒಂದು ಬಾಟಲಿಯ ಮೇಲೆ ‘ಮೈಸೂರಿನ ಗಂಧ’ ಅಂತ ಬರೆದಿತ್ತು, ನನ್ನ ಊರು ಮೈಸೂರಾಗಿತ್ತು, ಅಷ್ಟೇ. ಹೂವಿನಿಂದ ನಾರು ಸ್ವರ್ಗಕ್ಕೆ ಹೋಯಿತು.

ನಮಗೆ ಪಾಠ ಹೇಳಲು ಪ್ಯಾರಿಸ್ಸಿನಿಂದ ಆಗಾಗ ಒಬ್ಬ ಹೆಂಗಸು ಬರುತ್ತಿದ್ದರು. ತಲೆಯಿಂದ ಕಾಲಿನವರೆಗೆ ಕಪ್ಪು ಬಟ್ಟೆ, ನಗು ಮಾತ್ರ ತೀರ ಮಿತ. ನಾನು ಮನಸ್ಸಿನಲ್ಲೇ ಅವರಿಗೆ ‘ಫ್ರೆಂಚ್ ಅತ್ತೆ’ ಅಂತ ಹೆಸರಿಟ್ಟಿದ್ದೆ. ಮನೆತನದ ಮೂಲಪುರುಷ ಚರ್ಮದ ಕೈಗವಸು ಹೊಲಿಯುವವನಂತೆ. ಹದ ಮಾಡಿದ ಚರ್ಮ ಗಬ್ಬು ನಾರುತ್ತಿದ್ದುದರಿಂದ ದೊರೆಸಾನಿಯರು ಮೂಗು ಮುರಿಯುತ್ತಿದ್ದರಂತೆ. ಅದಕ್ಕೆ ಆತ ಗವಸುಗಳಿಗೆ ಹೂವಿನ ಪರಿಮಳ ಹಚ್ಚಲು ಶುರುಮಾಡಿದನಂತೆ. ಅಂದರೆ ಇಷ್ಟೆಲ್ಲ ವೈಭವದ ಬೇರು ಇರುವುದು ನಾತದಲ್ಲಿ. ಅದನ್ನು ಹಾಗೆ ಹೇಳಬಾರದು, ‘ಪರಂಪರೆ’ ಎನ್ನಬೇಕು ಅಂತ ಅತ್ತೆ ತಿದ್ದಿದರು.

ಕಸುಬಿನ ವಿಷಯದಲ್ಲಿ ಮಾತ್ರ ಅವರನ್ನು ಗೇಲಿ ಮಾಡುವ ಹಾಗಿರಲಿಲ್ಲ. ಗಾಜಿನ ಹಲಗೆಯ ಮೇಲೆ ಕೊಬ್ಬು ಸವರಿ, ಅದರ ಮೇಲೆ ಮಲ್ಲಿಗೆ ಹೂವನ್ನು ಒಂದೊಂದಾಗಿ ಮಗುಚಿಟ್ಟು, ಮರುದಿನ ಬಾಡಿದ್ದನ್ನು ಆಯ್ದು ಹೊಸ ಹೂವಿಟ್ಟು, ಕೊಬ್ಬೇ ಮಲ್ಲಿಗೆಯಾಗುವ ತನಕ ಹೀಗೆ ಮಾಡುತ್ತಿದ್ದರಂತೆ. ಪ್ರತಿ ಬಾಟಲಿಯ ಗಾಜಿನ ಬಿರಡೆಯನ್ನೂ ಅದೇ ಬಾಟಲಿಯ ಬಾಯಿಗೆ ಉಜ್ಜಿ ಕೂರಿಸುತ್ತಿದ್ದರು. ಪಕ್ಕದ ಬಾಟಲಿಗೆ ಅದು ಕೂರುತ್ತಿರಲಿಲ್ಲ. ಕೊನೆಗೆ ಬಾಟಲಿಯ ಕತ್ತಿನ ಸುತ್ತ ದಾರ ಸುತ್ತಿ ಗಂಟು ಹಾಕುವುದು. ಆ ಗಂಟನ್ನು ಅತ್ತೆ ನನ್ನ ಕಣ್ಣೆದುರೇ ಹಾಕಿ ತೋರಿಸಿದರು. ನನಗೆ ಬರಲಿಲ್ಲ. ಹೂ ಕಟ್ಟುವುದನ್ನು ಕಲಿಯಲಿಲ್ಲವೆಂದು ಚಿಕ್ಕಂದಿನಲ್ಲಿ ಅಮ್ಮ ಬೈದಿದ್ದು ಆ ಹೊತ್ತಿಗೆ ನೆನಪಾಗಿ ಮೈಯೆಲ್ಲ ಉರಿಯಿತು.

ಆ ಚಳಿಗಾಲ ಅಮ್ಮ ನಮ್ಮಲ್ಲೇ ಇದ್ದಳು. ಬಂದ ಹೊಸದರಲ್ಲಿ ಒಂದು ದಿನ ಕೌಂಟರಿಗೆ ಕರೆದುಕೊಂಡು ಹೋಗಿದ್ದೆ. ಮೂಗು ದಣಿದ ಗಿರಾಕಿಗಳು ಮೂಸಲೆಂದು ಅಲ್ಲೊಂದು ಬಟ್ಟಲಲ್ಲಿ ಹುರಿದ ಕಾಫಿ ಬೀಜ ಇಟ್ಟಿದ್ದೆವು. ಅಮ್ಮ ಅದನ್ನು ಮೂಸಿ, “ಪೀಬರೀನೂ ಅಲ್ಲ, ಏನೂ ಅಲ್ಲ. ಸೀದ್ ಹೋಗಿದೆ. ಇದನ್ನ ಮೂಸ್ಬಿಟ್ಟು ವಾಪಸ್ ಇಡ್ತಾರಾ? ಎಂಜಲು ಮೂಗು ಅನ್ನೋದೇ ಇಲ್ವಾ ಇವ್ರಿಗೆ?” ಎಂದಳು. ಬಾಟಲಿಯ ಬೆಲೆ ಕೇಳಿ, “ಮೂಗಿಗಿಂತ ಮೂಗುತಿ ಭಾರ” ಎಂದು ಮುಗಿಸಿದಳು.

ಅಮ್ಮನ ಮೂಗಿನ ಬಗ್ಗೆ ಹೇಳಬೇಕು. ನಮ್ಮ ಮನೆಯಲ್ಲಿ ಅಡಿಗೆ ಮೊದಲು ದೇವರಿಗೆ, ಆಮೇಲೆ ಮನುಷ್ಯರಿಗೆ. ನೈವೇದ್ಯವಾಗುವ ತನಕ ರುಚಿ ನೋಡುವ ಹಾಗಿಲ್ಲ. ಹಾಗಾಗಿ ಅಮ್ಮ ಮದುವೆಯಾದಾಗಿನಿಂದ ಮೂಗಿನಲ್ಲೇ ಅಡಿಗೆ ಮಾಡಿದವಳು. ಪಾತ್ರೆಯ ಮುಚ್ಚಳ ಸರಿಸಿ ಒಮ್ಮೆ ಉಸಿರೆಳೆದುಕೊಂಡು, ಉಪ್ಪು ಸಾಲದು, ಹುಳಿ ಮುಂದಾಯಿತು, ಇಂಗು ಹಳೆಯದು ಎಂದುಬಿಡುತ್ತಿದ್ದಳು. ಉಪ್ಪಿಗೆಲ್ಲಿದೆ ವಾಸನೆ ಎಂದು ನಾನು ಕೆಮಿಸ್ಟ್ರಿ ಹೇಳಲು ಹೋದರೆ, “ಹಂಗಾದ್ರೆ ನಿನ್ ಸಾರು ಯಾಕೆ ಹಂಗಿರತ್ತೆ?” ಎನ್ನುತ್ತಿದ್ದಳು.

ಜನವರಿಯಲ್ಲಿ ಅವಳಿಗೆ ಫ್ಲೂ ಬಂತು. ಜ್ವರ ಬಿಟ್ಟಿತು, ಕೆಮ್ಮು ಹೋಯಿತು, ಹೋಗುವಾಗ ಮೂಗನ್ನೂ ಕರೆದುಕೊಂಡು ಹೋಯಿತು. ಒಂದು ಬೆಳಿಗ್ಗೆ ಒಗ್ಗರಣೆ ಕರಕಲಾಗಿ, ಹೊಗೆಯ ಅಲಾರಂ ಕಿರುಚಿಕೊಂಡು, ನಾನು ಓಡಿ ಬಂದರೆ ಅಮ್ಮ ಸೌಟು ಹಿಡಿದು ಸುಮ್ಮನೆ ನಿಂತಿದ್ದಳು. “ನಂಗೆ ಗೊತ್ತೇ ಆಗ್ಲಿಲ್ಲ ಕಣೇ,” ಎಂದಳು. ಅಷ್ಟು ಸಣ್ಣ ದನಿಯಲ್ಲಿ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಡಾಕ್ಟರ್, ಕೆಲವರಿಗೆ ವಾಪಸು ಬರುತ್ತದೆ, ಕೆಲವರಿಗೆ ಇಲ್ಲ, ಕಾಯಿರಿ ಎಂದರು. ಅಷ್ಟನ್ನು ನಮ್ಮ ಬೀದಿಯ ಗಿಣಿಶಾಸ್ತ್ರದವನೂ ಹೇಳುತ್ತಿದ್ದ.

ಅಮ್ಮ ಅಡಿಗೆಮನೆಗೆ ಹೋಗುವುದನ್ನೇ ಬಿಟ್ಟಳು. ನಾನು ಮಾಡಿದ್ದನ್ನು ಉಣ್ಣುತ್ತಿದ್ದಳು, ಒಂದು ದಿನವೂ ಬಯ್ಯಲಿಲ್ಲ. ನನಗೆ ಹೆದರಿಕೆಯಾಗಿದ್ದು ಅದಕ್ಕೇ. ನನ್ನ ಗಂಡನೂ ನನ್ನ ಸಾರನ್ನು ಚೆನ್ನಾಗಿದೆ ಎನ್ನುತ್ತಿದ್ದ, ಆದರೆ ಅವನದು ಬೇರೆ ಬಗೆಯ ಹೆದರಿಕೆ.

ಆಗ ನನಗೊಂದು ಬುದ್ಧಿ ಹೊಳೆಯಿತು. ಕೌಂಟರಿನಲ್ಲಿ ಸೆಂಟು ಅದ್ದಿ ಗಿರಾಕಿಗಳಿಗೆ ಕೊಡುವ ಬಿಳಿ ಕಾಗದದ ಪಟ್ಟಿಗಳಿದ್ದವಲ್ಲ, ದಿನಾ ಸಂಜೆ ಒಂದನ್ನು ಮನೆಗೆ ತಂದು ಅಮ್ಮನಿಗೆ ಮೂಸಿಸತೊಡಗಿದೆ. ಗಿರಾಕಿಗಳಿಗೆ ಹೇಳುವ ಕತೆಯನ್ನೆಲ್ಲ ಅಭ್ಯಾಸಬಲದಿಂದ ಮೊದಲೇ ಹೇಳಿಬಿಡುತ್ತಿದ್ದೆ. “ಇದು ಮಲ್ಲಿಗೆ ಅಮ್ಮ, ಕೊಬ್ಬಿನ ಮೇಲೆ ಹೂ ಇಟ್ಟು ತೆಗೆದಿದ್ದು.” ಅಮ್ಮ ಕಣ್ಣು ಮುಚ್ಚಿ, “ಹೂಂ, ದುಂಡು ಮಲ್ಲಿಗೆ,” ಎನ್ನುತ್ತಿದ್ದಳು. ಗುಲಾಬಿ ಎಂದರೆ ಗುಲಾಬಿ. ಗಂಧ ಎಂದರೆ, “ನಮ್ಮೂರಿಂದೇ.” ಮೂಗು ವಾಪಸು ಬರುತ್ತಿದೆ ಎಂದು ನಾನು ಹಿಗ್ಗಿ ಹೀರೇಕಾಯಿಯಾದೆ. ಫ್ರೆಂಚ್ ಅತ್ತೆಗೂ ಫೋನಿನಲ್ಲಿ ಹೇಳಿ ಬೀಗಿದೆ.

ಆ ಮನೆತನದ ಅತಿ ಹಳೆಯ ಸೆಂಟಿನಲ್ಲಿ ಪುನುಗಿತ್ತು. ಪುನುಗು ಬೆಕ್ಕಿನ ಬಾಲದ ಬುಡದಿಂದ ಕೆರೆದು ತೆಗೆಯುತ್ತಿದ್ದ ಜಿಡ್ಡು ಅದು. ಈಗ ಲ್ಯಾಬಿನಲ್ಲೇ ಮಾಡುತ್ತೇವೆ, ಬೆಕ್ಕುಗಳು ಸುಖವಾಗಿವೆ ಎಂದಿದ್ದರು ಅತ್ತೆ. ಅದನ್ನು ಮೂಸಿದ ಗಿರಾಕಿಗಳು ‘ಬೆಚ್ಚಗಿದೆ’, ‘ಹಳೆಯ ಗ್ರಂಥಾಲಯದ ಹಾಗಿದೆ’ ಎಂದೆಲ್ಲ ಹೇಳುತ್ತಿದ್ದರು. ನನಗೆ ನಿಜವಾಗಿ ಏನನ್ನಿಸಿತ್ತೋ ಅದನ್ನು ಹೇಳಿದ್ದರೆ ಕೆಲಸ ಹೋಗುತ್ತಿತ್ತು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದು ನನ್ನನ್ನೇ ಬೈದುಕೊಂಡು ನಾನೂ ‘ಗ್ರಂಥಾಲಯ’ ಎನ್ನುತ್ತಿದ್ದೆ.

ಒಂದು ಸಂಜೆ ಅದನ್ನೇ ಪಟ್ಟಿಗೆ ಅದ್ದಿ ತಂದೆ. “ಅಮ್ಮ, ಇವತ್ತು ಪುನುಗು. ತಿರುಪತಿಯಲ್ಲಿ ಸ್ವಾಮಿಗೆ ಹಚ್ತಾರಲ್ಲ, ಅದು.” ಅಮ್ಮ ಪಟ್ಟಿಯನ್ನು ಕಣ್ಣಿಗೊತ್ತಿಕೊಂಡು, ದೀರ್ಘವಾಗಿ ಮೂಸಿ, “ಆಹಾ! ಗರ್ಭಗುಡಿ ಮುಂದೆ ನಿಂತ ಹಂಗೇ ಆಯ್ತು ಕಣೇ,” ಎಂದಳು. ನನ್ನ ಕಣ್ಣು ತುಂಬಿತು. ಮೂಗೊರೆಸಿಕೊಳ್ಳಲು ಕೋಟಿನ ಜೇಬಿಗೆ ಕೈಹಾಕಿದರೆ ಅಲ್ಲಿ ಇನ್ನೊಂದು ಪಟ್ಟಿ. ಅದ್ದಿದ ಪಟ್ಟಿ ಜೇಬಿನಲ್ಲೇ ಇತ್ತು. ಅವಸರದಲ್ಲಿ ನಾನು ಕೊಟ್ಟದ್ದು ಖಾಲಿ ಪಟ್ಟಿ, ಅಮ್ಮ ಮೂಸಿದ್ದು ಬರೀ ಕಾಗದ.

ನಾನು ಎರಡನ್ನೂ ಅವಳ ಮುಂದೆ ಹಿಡಿದೆ. “ಇದ್ರಲ್ಲಿ ಏನೂ ಇಲ್ಲಮ್ಮ.”

ಅಮ್ಮ ಎರಡು ಪಟ್ಟಿಗಳನ್ನೂ ನನ್ನ ಕೈಯಿಂದ ತೆಗೆದು ಪಕ್ಕಕ್ಕಿಟ್ಟಳು. “ನೀನು ಅಷ್ಟು ಆಸೆ ಇಟ್ಕೊಂಡು ತರ್ತೀಯ. ಇಲ್ಲ ಅಂತ ಹೆಂಗೆ ಹೇಳ್ಲಿ?”

“ಮಲ್ಲಿಗೇನೂ ಸುಳ್ಳಾ?”

“ಎಲ್ಲಾನೂ. ಕೊಡೋಕ್ ಮುಂಚೆ ನೀನೇ ಹೇಳ್ಬಿಡ್ತೀಯಲ್ಲ, ನಂದೇನು ಕಷ್ಟ? ನಿನ್ ಅಂಗಡಿಗೆ ಬರೋರೂ ಅಷ್ಟೇ ತಾನೇ ಮಾಡೋದು?” ಎಂದವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ಅನ್ನ ತಿಂದ್ರೆ ಮಣ್ಣು ತಿಂದಂಗೆ ಆಗತ್ತೆ. ಇನ್ನು ದೇವ್ರಿಗೆ ಏನು ಅಂತ ಬೇಯಿಸಿ ಇಡ್ಲಿ?”

ನಾನು ಪಟ್ಟಿ ತರುವುದನ್ನು ನಿಲ್ಲಿಸಿದೆ. ಫ್ರೆಂಚ್ ಮನೆತನದ ಮೇಲೆ, ಫ್ಲೂ ಮೇಲೆ, ಮೈನಸ್ಸಿಗೆ ಇಳಿದು ಅಲ್ಲೇ ಕೂತಿದ್ದ ಷಿಕಾಗೋ ಚಳಿಯ ಮೇಲೆ ಕೋಪ ಬಂತು. ಎಲ್ಲಕ್ಕಿಂತ ಹೆಚ್ಚಾಗಿ, ಉತ್ತರವನ್ನು ಮೊದಲೇ ಹೇಳಿಕೊಟ್ಟು ಪರೀಕ್ಷೆ ಮಾಡುತ್ತಿದ್ದ ನನ್ನ ಮೇಲೆ. ನಾವಿಬ್ಬರೂ ಮೂಗಿನ ಮಾತೆತ್ತಲಿಲ್ಲ. ಮಾತೆತ್ತದಿದ್ದಷ್ಟೂ ಮನೆ ಭಾರವಾಯಿತು.

ಹಿಮ ಕರಗಿ ಪಾರ್ಕಿಂಗ್ ಲಾಟಿನ ಕೊಚ್ಚೆ ಕಾಣುವ ಹೊತ್ತಿಗೆ ಅತ್ತೆ ಮತ್ತೆ ಬಂದರು. ಹಳೆಯ ಸೆಂಟಿನ ದೊಡ್ಡ ಬಾಟಲಿಯ ದಾರ ಬಿಚ್ಚಿ, ಬಿರಡೆ ತಿರುಗಿಸಿ ತೆಗೆಯುವ ಶಾಸ್ತ್ರವನ್ನು ನನ್ನಿಂದ ಮಾಡಿಸಿದರು. ಅದರದೇ ಬಾಯಿಗೆ ಉಜ್ಜಿ ಕೂರಿಸಿದ ಬಿರಡೆ, ಸುಲಭಕ್ಕೆ ಬರುತ್ತದೆಯೇ? ನಾನು ಎಳೆದೆ, ಅದು ಬರಲಿಲ್ಲ, ಇನ್ನೂ ಎಳೆದೆ, ಒಂದೇ ಸಲಕ್ಕೆ ಬಂತು. ಪರಂಪರೆಯೆಲ್ಲ ನನ್ನ ತೋಳಿನ ಮೇಲೆ ಹರಿಯಿತು. ಅತ್ತೆ ಫ್ರೆಂಚಿನಲ್ಲಿ ಏನೋ ಅಂದರು. ಅರ್ಥವಾಗದಿದ್ದರೂ ಬೈಗುಳವೆಂದು ತಿಳಿಯಿತು.

ಕಾರಿನ ಕಿಟಕಿಗಳನ್ನೆಲ್ಲ ಇಳಿಸಿಕೊಂಡು ಮನೆಗೆ ಡ್ರೈವ್ ಮಾಡಿದೆ. ಅಮ್ಮ ಸೋಫಾದಲ್ಲಿ ಕೂತು ಟೀವಿ ನೋಡುತ್ತಿದ್ದಳು. ನಾನು ಏನೂ ಹೇಳದೆ ಅಡಿಗೆಮನೆಗೆ ಹೋಗಿ, ಬೆಳಿಗ್ಗೆ ಮಾಡಿಟ್ಟಿದ್ದ ಸಾರನ್ನು ಬಿಸಿಗಿಟ್ಟೆ.

“ಲೇ!” ಎಂದು ಹಜಾರದಿಂದ ಕೂಗು ಬಂತು. “ಮನೆಯೊಳಕ್ಕೆ ಯಾವ್ದೋ ಬೆಕ್ಕು ನುಗ್ಗಿದೆ!”

ಹೋಗಿ ನೋಡಿದರೆ ಅಮ್ಮ ಪೊರಕೆ ಹಿಡಿದು ಬಗ್ಗಿ ಸೋಫಾದ ಕೆಳಗೆ ಆಡಿಸುತ್ತಿದ್ದಳು. “ಉಚ್ಚೆ ಹೊಯ್ದಿದೆ ಕಣೇ, ಎಲ್ಲೋ ಇಲ್ಲೇ. ಥೂ, ಏನ್ ನಾತ! ಬಾಗ್ಲು ತೆಗ್ದಿಟ್ಟಿದ್ಯಾ ನೀನು?”

ನಾನು ಉಸಿರು ಬಿಗಿಹಿಡಿದು ತೋಳನ್ನು ಅವಳ ಮುಂದೆ ಚಾಚಿದೆ. ಅಮ್ಮ ಮೂಸಿದಳು. ಮುಖವೆಲ್ಲ ಕಿವುಚಿಕೊಂಡಿತು. ಗಿರಾಕಿಗಳಾಗಲಿ ಅತ್ತೆಯಾಗಲಿ ನಾನಾಗಲಿ ಆ ಬಾಟಲಿಯ ಮುಂದೆ ಅಷ್ಟು ಪ್ರಾಮಾಣಿಕವಾದ ಮುಖ ಮಾಡಿದ್ದಿಲ್ಲ.

“ಪುನುಗು ಕಣಮ್ಮ,” ಎಂದೆ.

“ಪುನುಗಾದ್ರೇನು, ಬೆಕ್ಕು ಬೆಕ್ಕೇ. ಹೋಗಿ ಸ್ನಾನ ಮಾಡು,” ಎಂದಳು. ಆಮೇಲೆ ತಾನು ಏನು ಹೇಳಿದೆನೆಂಬುದು ತನಗೇ ತಿಳಿದು, ಪೊರಕೆ ಹಿಡಿದ ಕೈ ಹಾಗೇ ನಿಂತಿತು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ನಾನು ಜೋರಾಗಿ ಅಳಲು ಶುರುಮಾಡಿದೆ, ಬೆಕ್ಕಿನ ನಾತ ಹೊಡೆಯುತ್ತಾ.

ಅಮ್ಮ ಅಳಲಿಲ್ಲ. ಪೊರಕೆಯನ್ನು ಗೋಡೆಗೊರಗಿಸಿ, ಕೈತೊಳೆದು, ಅಡಿಗೆಮನೆಗೆ ಹೋಗಿ ಸಾರಿನ ಮುಚ್ಚಳ ಸರಿಸಿದಳು. ಬಗ್ಗಿ ಉಸಿರೆಳೆದುಕೊಂಡಳು.

“ಉಪ್ಪೇ ಹಾಕಿಲ್ವಲ್ಲೇ,” ಎಂದಳು.

ಹಾಕಿರಲಿಲ್ಲ.