ಅಂಟಿನ ಪಾಲು, ಋತುಚಕ್ರದ ಪಾಲು

ಜೀವಕೋಶದೊಳಗಿನ ಡಿಎನ್ಎ ಎಳೆಗಳು ಹೇಗೆ ತುಂಡಾಗುತ್ತವೆ, ಹೇಗೆ ಮರಳಿ ಕೂಡಿಕೊಳ್ಳುತ್ತವೆ ಎಂಬ ಅಧ್ಯಯನದಲ್ಲಿ ಟ್ಯುನೀಷಿಯಾದ ನಮ್ಮ ಸ್ಫಾಕ್ಸ್ ನಗರಕ್ಕೊಂದು ಹೆಸರು ತಂದವರು ಡಾ. ನಝೀಹಾ ಕಮ್ಮೂನ್. ತಿಂಗಳುದ್ದಕ್ಕೂ ಏರಿಳಿಯುವ ಹಾರ್ಮೋನುಗಳ ತೊಡಕೇ ಬೇಡವೆಂದು ಹಲವು ಸಂಶೋಧಕರು ಗಂಡಸರ ರಕ್ತವನ್ನಷ್ಟೇ ಪರೀಕ್ಷಿಸುತ್ತಿದ್ದಾಗ, ಆ ಏರಿಳಿತವನ್ನೇ ತಮ್ಮ ವಿಷಯವಾಗಿಸಿಕೊಂಡ ಧೀಮಂತೆ ಅವರು.

ನಾನು ಅವರ ವಿದ್ಯಾರ್ಥಿನಿಯಾಗಿ ಸೇರಿದ ವರ್ಷ, ಊರಿನ ಚಪ್ಪಲಿ ಕಾರ್ಖಾನೆಯೊಂದರ ಹೆಂಗಸರ ರಕ್ತದಲ್ಲಿ ಡಿಎನ್ಎ ಹಾನಿ ಹೆಚ್ಚಿರುವುದು ಕಂಡುಬಂತು. ಅಂಟಿನ ಹಬೆಯೇ ಕಾರಣವೆಂದು ವರದಿ ಕೊಟ್ಟೆವು. ಮಾಲೀಕರು ನಕ್ಕುಬಿಟ್ಟರು. "ಅದು ಅವರ ತಿಂಗಳ ತಾಪತ್ರಯ ಮೇಡಂ, ನಮ್ಮ ಅಂಟಿನ ಮೇಲೆ ಯಾಕೆ ಹಾಕ್ತೀರಿ?"

ನನಗೆ ಮೈಯೆಲ್ಲ ಉರಿಯಿತು. ಮೇಡಂ ಮಾತ್ರ ದಾರಿಯಲ್ಲಿ, "ಅವರು ಹೇಳಿದ್ರಲ್ಲಿ ಹುರುಳಿದ್ರೂ ಇರಬಹುದು ಕಣೇ. ರಕ್ತ ತೆಗೆದ ದಿನ ಯಾರ ಚಕ್ರ ಎಲ್ಲಿತ್ತು ಅಂತ ನಾವು ಕೇಳಲೇ ಇಲ್ಲ" ಎಂದರು.

ಕೆಲಸ ಮೊದಲಿನಿಂದ ಶುರುವಾಯಿತು. ಮುಟ್ಟಿನ ದಿನಗಳಲ್ಲಿ, ಅಂಡ ಬಿಡುಗಡೆಯ ಹೊತ್ತಿನಲ್ಲಿ, ಮುಂದಿನ ಮುಟ್ಟಿಗೆ ಮೊದಲು, ಅದೇ ಹೆಂಗಸರ ರಕ್ತ ಮತ್ತೆ ಮತ್ತೆ ಬೇಕಿತ್ತು. ಅಂಟಿನ ಹಬೆ ತಾಗದ ಹೆಂಗಸರದೂ ಬೇಕಿತ್ತು. ಅಂಟು ಹಚ್ಚುವ ಮಬ್ರೂಕಾ ತಿರುಗಿಬಿದ್ದಳು. "ನನ್ನ ಮುಟ್ಟಿನ ವಿಷಯ ಗಂಡನ ಹತ್ರಾನೇ ಆಡಲ್ಲ, ನಿಮ್ಮ ಹತ್ರ ಆಡ್ಬೇಕಾ?"

"ಬೇಡ ಬಿಡು. ಮೊದಲು ನನ್ನದು ಹೇಳ್ತೀನಿ ಕೇಳು" ಎಂದು ಮೇಡಂ ಅಂಗಿಯ ತೋಳು ಮಡಚಿ ತಮ್ಮ ರಕ್ತ ತೆಗೆಸಿಕೊಂಡರು.

"ಅಯ್ಯೋ, ಡಾಕ್ಟರಮ್ಮಂಗೂ ಹೊಟ್ಟೆನೋವು ಬರತ್ತಂತೆ ಕಣ್ರೇ!" ಎಂದು ಮಬ್ರೂಕಾ ನಕ್ಕಳು. ಉಳಿದವರೂ ಹತ್ತಿರ ಬಂದರು.

ನಮ್ಮ ಮಾದರಿಗಳಲ್ಲಿ ಹಾನಿಯ ಒಂದು ಪಾಲು ಹಾರ್ಮೋನುಗಳ ಜೊತೆಗೇ ಏರಿಳಿಯುತ್ತಿತ್ತು. ಅದನ್ನು ಕಳೆದರೂ ಅಂಟಿನ ಪಾಲು ಉಳಿಯಿತು, ಆದರೆ ನಾವು ಮೊದಲು ಬರೆದದ್ದಕ್ಕಿಂತ ಕಡಿಮೆ.

"ಇದನ್ನ ಬರೆದ್ರೆ ಮಾಲೀಕರ ಕೈಗೆ ದೊಣ್ಣೆ ಕೊಟ್ಟ ಹಾಗೆ ಮೇಡಂ" ಎಂದು ಗೋಗರೆದೆ.

"ಬಿಟ್ರೆ ಮಬ್ರೂಕಾಗೆ ಸುಳ್ಳು ಹೇಳಿದ ಹಾಗೆ. ಅದು ಅವಳ ಮೈ, ಅವಳಿಗೆ ಪೂರ್ತಿ ಗೊತ್ತಾಗ್ಬೇಕು."

ಎರಡು ಪಾಲೂ ಅಚ್ಚಾದವು. ಕಾರ್ಮಿಕ ಇಲಾಖೆಯ ಅಧಿಕಾರಿಗಳೆದುರು ಮಾಲೀಕರು ಮತ್ತೆ ತಿಂಗಳ ಮಾತೆತ್ತಿದಾಗ ನಾನು ಬಾಯಿ ತೆರೆಯುವ ಮೊದಲೇ ಮಬ್ರೂಕಾ ಎದ್ದು ನಿಂತಳು. "ಅದನ್ನ ಕಳೆದೇ ಬರೆದಿದ್ದಾರೆ ಸ್ವಾಮಿ. ಉಳಿದಿದ್ದು ನಿಮ್ಮದು."

ಹಬೆ ಹೊರಹಾಕುವ ಫ್ಯಾನುಗಳು ಆ ಬೇಸಿಗೆಯಲ್ಲೇ ಬಂದವು.

ನಿವೃತ್ತಿಯ ಈ ಹೊತ್ತಿನಲ್ಲೂ ಮುಟ್ಟು ನಿಂತ ಹೆಂಗಸರಲ್ಲಿ ಈ ಹಾನಿ ಯಾವ ದಾರಿ ಹಿಡಿಯುತ್ತದೆಂದು ಮೇಡಂ ಹುಡುಕುತ್ತಿದ್ದಾರೆ. ಅವರಿಗೆ ದೀರ್ಘಾಯುಷ್ಯವೂ ಚಳಿಗಾಲದಲ್ಲೂ ನೋಯದ ಮಂಡಿಗಳೂ ಲಭಿಸಲಿ. ಉತ್ತರ ಅವರ ಕೈಯಿಂದಲೇ ಬರಲಿ, ಅದು ನಮಗೆ ಹಿತವಾದರೂ ಸರಿ, ಆಗದಿದ್ದರೂ ಸರಿ.