ಮೋಡ ಮೇಯಿಸಿದ ದೊಡ್ಡವ್ವ

ನನ್ನ ದೊಡ್ಡವ್ವ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದಾಗಲೇ ತೀರಿಕೊಂಡಳೆಂಬ ಸುದ್ದಿ ಅವಳ ಊರು ಚಂದಕವಾಡಿಯಲ್ಲಿ ಹಬ್ಬಿತು. ಅದಕ್ಕೆ ಕಾರಣ ನಾನು ಮಾಡಿದ ಒಂದು ಫೋಟೊ.

ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಸಣ್ಣ ಸ್ಟುಡಿಯೊ ಇದೆ. ಮದುವೆಗೆ ಮೊದಲು ಚಾಮರಾಜನಗರದ ಒಂದು ಫೋಟೊ ಲ್ಯಾಬಿನಲ್ಲಿ ಆಲ್ಬಂ ಡಿಸೈನ್ ಮಾಡುತ್ತಿದ್ದೆ. ಮದುವೆ ಗಂಡು ಹೆಣ್ಣನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ, ಅವರು ಎಂದೂ ಕಾಣದ ಹಿಮದ ಬೆಟ್ಟದ ಮುಂದೆಯೋ ಹಂಸದ ಕೊಳದ ಪಕ್ಕದಲ್ಲೋ ನಿಲ್ಲಿಸುವ ಕೆಲಸ. ಕೈಗೆ ಚೆನ್ನಾಗಿ ಹತ್ತಿತ್ತು, ಬೇಜಾರೂ ಹಿಡಿದಿತ್ತು. ಎಲ್ಲ ಜೋಡಿಗೂ ಅದೇ ಕೊಳ, ಅವೇ ಎರಡು ಹಂಸ. ಸ್ವಂತ ಸ್ಟುಡಿಯೊ ಆದ ಮೇಲೆ, ಒಬ್ಬರನ್ನಾದರೂ ನನಗೆ ಇಷ್ಟವಾದ ಕಥೆಯೊಳಗೆ ಕರೆದುಕೊಂಡು ಹೋಗಿ ನಿಲ್ಲಿಸಬೇಕು ಅನ್ನಿಸುತ್ತಿತ್ತು.

ಇಷ್ಟವಾದ ಕಥೆ ಎಂದರೆ ನನಗೆ ಇದ್ದದ್ದು ಒಂದೇ. ಅದನ್ನು ಹೇಳಿದವಳು ದೊಡ್ಡವ್ವ, ನನ್ನ ಅವ್ವನ ಅಕ್ಕ. ಬೇಸಿಗೆ ರಜೆಯಲ್ಲಿ ಅವಳ ಮನೆಗೆ ಹೋದರೆ ಅಂಗಳದ ತುಂಬ ಬೇಯಿಸಿದ ಅರಿಶಿನ ಒಣಗಲು ಹಾಕಿರುತ್ತಿತ್ತು. ಅದರಲ್ಲಿ ಕೈಯಾಡಿಸುತ್ತ ಅವಳು ಮೋಡ ಮೇಯಿಸುವ ಹುಡುಗಿಯ ಕಥೆ ಹೇಳುತ್ತಿದ್ದಳು. ಅಪ್ಪ ಗಂಡುಮಕ್ಕಳಿಗೆಲ್ಲ ಕುರಿ ಹಂಚಿ ಮಗಳಿಗೆ ಬರಿಯ ಕೋಲು ಕೊಡುತ್ತಾನೆ. ಅವಳು ಕೋಲು ಹಿಡಿದು ಬೆಟ್ಟ ಹತ್ತಿ, ಕುರಿ ಕರೆದ ಹಾಗೆ ಕರೆಯುತ್ತಾಳೆ. ಒಂದು ಮೋಡ ಬರುತ್ತದೆ, ಆಮೇಲೆ ಇನ್ನೊಂದು. ಅವಕ್ಕೆ ಇಬ್ಬನಿ ಮೇಯಿಸಿ, ಹೊಲ ಒಣಗಿದ ಕಡೆ ಹೊಡೆದುಕೊಂಡು ಹೋಗಿ ಮಳೆ ಕರೆಯುತ್ತಾಳೆ. ಸಂಜೆಗೆ ಮಂದೆಯಲ್ಲಿ ಎಲ್ಲಕ್ಕಿಂತ ಚಿಕ್ಕ ಮೋಡವನ್ನು ಕಂಕುಳಲ್ಲಿ ಅವುಚಿಕೊಂಡು ಮನೆಗೆ ಬರುತ್ತಾಳೆ, ತಲೆದಿಂಬಿಗೆ.

ಹೋದ ಆಷಾಢದಲ್ಲಿ ಪಿಂಚಣಿ ಅರ್ಜಿಗೆ ಫೋಟೊ ಬೇಕೆಂದು ದೊಡ್ಡವ್ವ ನನ್ನ ಸ್ಟುಡಿಯೊಗೇ ಬಂದಳು. ಪಾಸ್‌ಪೋರ್ಟ್ ಸೈಜಿನದು ತೆಗೆದು ಮುಗಿಸಿ, ಅವಳು ಏಳುವ ಮುಂಚೆ ಇನ್ನೊಂದು ಕ್ಲಿಕ್ಕಿಸಿದೆ. ಆ ವಾರವೇ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿ, ಬೆಳಗಿನ ಮಂಜನ್ನೂ ಮೋಡವನ್ನೂ ಕ್ಯಾಮೆರಾದ ಕಾರ್ಡ್ ತುಂಬುವಷ್ಟು ತೆಗೆದು ತಂದೆ. ಎರಡನ್ನೂ ಸೇರಿಸಿದೆ. ದೊಡ್ಡವ್ವನ ನೆಟ್ಟನೆಯ ಮುಖ, ಹಿಂದೆ ಬೆಳ್ಳನೆಯ ಮೋಡ, ಅಂಚೆಲ್ಲ ಮಬ್ಬು ಮಬ್ಬು. ನನಗೆ ಬಹಳ ಚೆನ್ನಾಗಿ ಕಂಡಿತು. ದೊಡ್ಡದಾಗಿ ಪ್ರಿಂಟ್ ಹಾಕಿ, ಫ್ರೇಮ್ ಕಟ್ಟಿಸಿ, ಬೀದಿಗೆ ಕಾಣುವ ಹಾಗೆ ಗಾಜಿನ ಹಿಂದೆ ಇಟ್ಟೆ.

ಮಾರನೆಯ ದಿನ ಮಧ್ಯಾಹ್ನ ದೊಡ್ಡವ್ವನ ಫೋನು.

"ನಾನು ಸತ್ತೋದ್ನಂತೆ ಕಣಮ್ಮಿ. ನಿಂಗೇನಾರ ಗೊತ್ತಾ?"

"ಏನು ದೊಡ್ಡವ್ವ ಹಂಗಂದ್ರೆ?"

"ನಮ್ಮೂರೋರು ಯಾರೋ ಬಸ್ಸಲ್ಲಿ ಓಗ್ತಾ ನಿನ್ನ ಅಂಗ್ಡಿಲಿ ನನ್ನ ಪೋಟೊ ನೋಡಿದ್ರಂತೆ. ಮೋಡದೊಳ್ಗೆ ಕುಂತಿದ್ಲು ಪಾಪ ಅಂತ ಊರೆಲ್ಲ ಏಳವ್ರೆ. ಇಬ್ರು ಹೆಂಗಸ್ರು ಅಳ್ತಾ ಬಂದ್ರು. ನಾನೇ ಓಗಿ ಬಾಗ್ಲು ತಗ್ದೆ."

ಬೈಯುತ್ತಾಳೆ ಎಂದುಕೊಂಡು ಕಾದೆ. ಅವಳು ಉಸಿರು ಕಟ್ಟುವ ಹಾಗೆ ನಗುತ್ತಿದ್ದಳು. ಹೊರಗೆ ಹೋಗಿ ಗಾಜಿನಾಚೆಯಿಂದ ಫೋಟೊ ನೋಡಿದೆ. ಊರೂರಿನ ಸರ್ಕಲ್ಲಿನಲ್ಲಿ ಕಟ್ಟುವ ಶ್ರದ್ಧಾಂಜಲಿ ಫ್ಲೆಕ್ಸು ಇದ್ದ ಹಾಗೇ ಇತ್ತು. ಅಂಥವನ್ನು ನಾನೇ ಎಷ್ಟೋ ಮಾಡಿಕೊಟ್ಟಿದ್ದೇನೆ. ಕೈಗೆ ಬಿದ್ದ ಅಭ್ಯಾಸ ತನ್ನ ಕೆಲಸ ತಾನು ಮಾಡಿಬಿಟ್ಟಿತ್ತು. ನಾಚಿಕೆಯಿಂದ ಅದನ್ನು ತೆಗೆದು ಗೋಡೆಗೆ ತಿರುಗಿಸಿಟ್ಟೆ.

ಎರಡು ದಿನ ಬಿಟ್ಟು ದೊಡ್ಡವ್ವ ತಾನೇ ಬಂದಳು. ಫೋಟೊವನ್ನು ಈಚೆ ತರಿಸಿ, ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಅದೇನು ಮಾಡಕೋಗಿದ್ದೆ, ಅದ ಏಳು."

ಮೋಡ ಮೇಯಿಸುವ ಹುಡುಗಿ ಎಂದೆ. ಅವಳ ಮುಖ ಇದ್ದಕ್ಕಿದ್ದಂತೆ ಗಂಭೀರವಾಯಿತು.

"ಇವಳು ಎಲ್ಲಿ ಮೇಯಿಸ್ತಾವಳೆ? ನನ್ನ ಮೊಕ ನಿನ್ನ ಕಡಿಕೆ ಅದೆ, ಮೋಡ ನನ್ನ ಬೆನ್ನಿಂದೆ ಅವೆ. ಮೇಯ್ಸೋರು ಮಂದೆ ಕಡೀಕೆ ನೋಡ್ತಾರೆ. ಕಣ್ಣು ತೆಗುದ್ರೆ ಮಂದೆ ಚದುರ್ಬುಡ್ತದೆ."

"ಆ ಕಥೆ ನಿನಗೆ ಯಾರು ಹೇಳಿದ್ದು ದೊಡ್ಡವ್ವ? ನಿಮ್ಮವ್ವನಾ?"

"ಯಾರು ಏಳಾರು? ಮೂರ್ನೇ ಕ್ಲಾಸ್ಗೆ ಇಸ್ಕೂಲು ಬುಡಿಸಿ ಕುರಿ ಹಿಂದೆ ಕಳುಸುದ್ರು. ದಿನೆಲ್ಲ ಒಬ್ಳೆ. ಬೇಜಾರಾಗದು. ನಾನೇ ಕಟ್ಕಂಡೆ."

ಇಷ್ಟು ವರ್ಷ ಅದು ಯಾವುದೋ ಕಾಲದ ಜನಪದ ಕಥೆ ಎಂದೇ ತಿಳಿದಿದ್ದೆ. ಕಟ್ಟಿದವಳು ನನ್ನೆದುರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಟೀ ಕುಡಿಯುತ್ತಿದ್ದಳು. "ಹಂಗಾದ್ರೆ ಸರಿಯಾಗಿ ಮಾಡನ ಬಾ" ಎಂದೆ.

"ಆ ಹುಡ್ಗಿ ಚಿಕ್ಕೋಳು. ನಾನು ಮುದ್ಕಿ. ಆಯ್ತದಾ?" ಎಂದು ತಾನೇ ಕೇಳಿ, ಟೀ ಲೋಟ ಕೆಳಗಿಟ್ಟು ತಾನೇ ಉತ್ತರವನ್ನೂ ಕೊಟ್ಟಳು. "ಆಗ್ಲಿ ಬುಡು. ಅವಳೂ ನನ್ನ ಜೊತೇಲೆ ದೊಡ್ಡೋಳಾದ್ಲು."

ಗೋಪಾಲಸ್ವಾಮಿ ಬೆಟ್ಟದ ಕೆಳಗಿನ ಹಂಗಳ ಊರಿನಲ್ಲಿ ನನ್ನ ಗೆಳತಿಯ ಹೊಲವಿದೆ. ಶ್ರಾವಣದ ಒಂದು ಬೆಳಿಗ್ಗೆ ಅಲ್ಲಿಗೆ ಹೋದೆವು. ಹಾಸಿಗೆ ಹೊಲಿಯುವವರಿಂದ ಒಂದು ಮೂಟೆ ಹತ್ತಿ ತಂದಿದ್ದೆ, ಜೊತೆಗೆ ಒಂದು ಉದ್ದನೆಯ ಹಗ್ಗ. ಮೋಡವನ್ನು ಆಮೇಲೆ ಕಂಪ್ಯೂಟರಿನಲ್ಲಿ ಸೇರಿಸಿದರೂ, ತೋಳಿಗೆ ಏನಾದರೂ ಮೆತ್ತಗೆ ತಾಗುತ್ತಿದ್ದರೆ ಮುಖದಲ್ಲಿ ಅದು ಕಾಣುತ್ತದೆ. ಹತ್ತಿಯನ್ನು ತೆಳು ಬಟ್ಟೆಯಲ್ಲಿ ಸುತ್ತಿ ದೊಡ್ಡವ್ವನ ಕಂಕುಳಿಗೆ ಕೊಟ್ಟೆ. "ಈಗ ಕರಿ ದೊಡ್ಡವ್ವ" ಎಂದೆ.

ಅವಳು ಸುತ್ತ ನೋಡಿದಳು. ಪಕ್ಕದ ಹೊಲದಲ್ಲಿ ಆರೇಳು ಹೆಂಗಸರು ಚೆಂಡುಹೂ ಬಿಡಿಸುತ್ತಿದ್ದರು. ಮೊದಲು ಸಣ್ಣ ದನಿಯಲ್ಲಿ, ಆಮೇಲೆ ಗಂಟಲು ಬಿಚ್ಚಿ, "ಬ್ರ್ಯೋ... ಬಾ ಬಾ ಬಾ!" ಎಂದು ಆಕಾಶಕ್ಕೆ ಕೂಗಿದಳು. ಬೆಟ್ಟದ ಕಡೆಯಿಂದ ಮೋಡಗಳು ಬರುತ್ತಲೇ ಇದ್ದವು. ಅವಳು ಕರೆಯದಿದ್ದರೂ ಬರುತ್ತಿದ್ದವು, ನಿಜ. ಆದರೆ ಅವು ಬರುವುದನ್ನು ನೋಡಿದ ಅವಳ ಮುಖ ನನ್ನ ಕ್ಯಾಮೆರಾದಲ್ಲಿದೆ. ತನ್ನ ಮಂದೆಯನ್ನು ಬಹಳ ದಿನದ ಮೇಲೆ ಕಂಡವರ ಮುಖ ಅದು.

ಹೂ ಬಿಡಿಸುವವರು ಕೆಲಸ ಬಿಟ್ಟು ಬದುವಿನ ಮೇಲೆ ನಿಂತಿದ್ದರು.

"ಏನಕ್ಕ, ಏನ ಕರೀತಿದ್ದೀರಿ?" ಎಂದಳು ಒಬ್ಬಳು.

"ಮೋಡನ. ಒಬ್ಳ ಕೈಲಿ ಆಗಾಕಿಲ್ಲ. ಬನ್ನಿ, ಹಗ್ಗ ಹಿಡೀರಿ," ಎಂದಳು ದೊಡ್ಡವ್ವ, ಸಂಬಳಕ್ಕೆ ಆಳು ಕರೆದಷ್ಟೇ ಸಹಜವಾಗಿ.

ಬಂದೇ ಬಿಟ್ಟರು. ಮಡಿಲಲ್ಲಿ ಹೂವಿಟ್ಟುಕೊಂಡೇ ಸಾಲಾಗಿ ನಿಂತು, ಇಲ್ಲದ ಮೋಡವನ್ನು ಹಗ್ಗದಲ್ಲಿ ಎಳೆದರು. ಎಳೆಯುವಾಗ ಹಿಂದಕ್ಕೆ ವಾಲಬೇಕೆಂದು ನಾನು ಯಾರಿಗೂ ಹೇಳಲಿಲ್ಲ. ಭಾರ ಎಳೆದು ಗೊತ್ತಿದ್ದ ಮೈಗಳು. ಅಷ್ಟರಲ್ಲಿ ರಸ್ತೆಯಲ್ಲಿ ಕೇರಳದ ಕಾರೊಂದು ನಿಂತಿತು. ಓಣಂ ಹತ್ತಿರವಾದರೆ ಹೂವಿನ ಹೊಲದಲ್ಲಿ ಫೋಟೊ ತೆಗೆಸಿಕೊಳ್ಳಲು ಅವರು ಬರುವುದು ಇದ್ದದ್ದೇ. ಗಂಡ ಹೆಂಡತಿ ಇಳಿದು ಬಂದು ಏನೆಂದು ಕೇಳಿದರು. ಹೂವಿನವಳೊಬ್ಬಳು ಎಳಿ ಅಣ್ಣ ಎಂಬುದನ್ನು ತನಗೆ ಬರುವ ಮಲಯಾಳದಲ್ಲಿ "ವಲಿಕ್ಕು ಚೇಟಾ, ವಲಿಕ್ಕು!" ಎಂದು ಹೇಳಿ ಹಗ್ಗದ ತುದಿ ಅವರ ಕೈಗೇ ಕೊಟ್ಟಳು. ಅವರೂ ಎಳೆದರು. ಎಲ್ಲರೂ ಒಟ್ಟಿಗೆ ಬಿದ್ದರು. ಆ ಬಿದ್ದ ಫೋಟೊ ಬರೀ ಕಾಲುಗಳು, ಹೂವು, ನಗು.

ಮೂರು ದಿನ ಕಂಪ್ಯೂಟರ್ ಮುಂದೆ ಕೂತೆ. ಬೆಟ್ಟದ ಮೋಡಗಳನ್ನು ಒಂದೊಂದಾಗಿ ಬಿಡಿಸಿ, ಕುರಿಯ ಎತ್ತರಕ್ಕೆ ತಂದು, ಪದರದ ಮೇಲೆ ಪದರ ಹಾಕಿ ಹುಲ್ಲಿನ ಮೇಲೆ ನಿಲ್ಲಿಸಿದೆ. ಪ್ರತಿಯೊಂದಕ್ಕೂ ನೆರಳು ಕೊಟ್ಟೆ. ನೆರಳಿಲ್ಲದ ಮೋಡ ತೇಲುತ್ತದೆ, ಮೇಯುವುದಿಲ್ಲ. ದೊಡ್ಡವ್ವ ಪಕ್ಕಕ್ಕೆ ತಿರುಗಿದ್ದಾಳೆ. ಕಣ್ಣು ಮಂದೆಯ ಮೇಲೆ, ಕಂಕುಳಲ್ಲಿ ಚಿಕ್ಕದು. ಸುಕ್ಕುಗಳನ್ನು ನಾನು ಅಳಿಸಲಿಲ್ಲ. ಹಿಂದೆ ದೂರದಲ್ಲಿ ಹೂವಿನ ಹೆಂಗಸರು ತುಂಟ ಮೋಡವೊಂದನ್ನು ಹಗ್ಗ ಹಾಕಿ ಎಳೆಯುತ್ತಿದ್ದಾರೆ.

ಫೋಟೊ ಚಂದಕವಾಡಿಗೆ ಒಯ್ದೆ. ದೊಡ್ಡವ್ವ ಬೆರಳಿನಿಂದ ಮೋಡಗಳನ್ನು ಎಣಿಸಿದಳು. ಎಣಿಸಿ, "ಒಂದೂ ತಪ್ಪುಸ್ಕಂಡಿಲ್ಲ" ಎಂದಳು. ಅವಳಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ನನಗೆ ಬೇಕಿರಲಿಲ್ಲ.

ಇನ್ನೊಂದು ಪ್ರತಿಯನ್ನು ಸ್ಟುಡಿಯೊದ ಗಾಜಿನ ಹಿಂದೆ ಇಟ್ಟೆ. ಈ ಸಲ ಯಾರೂ ಅಳಲಿಲ್ಲ. ಜನ ನಿಂತು, ಮೂಗನ್ನು ಗಾಜಿಗೆ ಒತ್ತಿ ನೋಡಿ ಹೋಗುತ್ತಾರೆ. ಸಂತೆಯ ದಿನ ಹೂವಿನ ಹೆಂಗಸರಲ್ಲಿ ಒಬ್ಬಳು, ಸ್ವಲ್ಪ ದಪ್ಪಗಿನವಳು, ಒಳಗೆ ಬಂದು ಬಾಗಿಲು ಹಾಕಿಕೊಂಡಳು.

"ನಮ್ಮವ್ವ ಒಂದು ಕತೆ ಏಳೋಳು. ಒಬ್ಳು ಹೊಳೇನೆ ಕುಡ್ದುಬುಡ್ತಾಳೆ. ನನ್ನ ಅವಳ ತರ ಮಾಡ್ಕೊಡ್ತೀರಾ?"

"ಮಾಡ್ಕೊಡ್ತೀನಿ ಕಣಕ್ಕ."

"ಆದ್ರೆ ಹೊಟ್ಟೆ ದಪ್ಪ ಕಾಣ್ಬಾರ್ದು."

"ಹೊಳೆ ಕುಡಿದ ಮೇಲೆ ಹೆಂಗಕ್ಕ?"

"ಅದು ನಿಮ್ಗೆ ಬುಟ್ಟಿದ್ದು," ಎಂದು ಅವಳು ಸೆರಗು ಸರಿಮಾಡಿಕೊಂಡು, ಸ್ಟೂಲಿನ ಮೇಲೆ ನೆಟ್ಟಗೆ ಕೂತಳು.