ನೆಲಕ್ಕಿಳಿಯದ ಬುಟ್ಟಿ

ಅವರ ಬಲಗೈ ಹೆಬ್ಬೆಟ್ಟು ನೀಲಿ. ಹುಟ್ಟುಮಚ್ಚೆ ಅಲ್ಲ, ಪೆಟ್ಟು ಬಿದ್ದದ್ದೂ ಅಲ್ಲ. ಚೀಟಿ ಪುಸ್ತಕದ ನಡುವೆ ಇಡುವ ಕಾರ್ಬನ್ ಹಾಳೆಯ ಬಣ್ಣ ಉಗುರಿನ ಸಂದಿಗೆ ಹೊಕ್ಕು ಅಲ್ಲೇ ಕೂತುಬಿಟ್ಟಿತ್ತು. ಸಾಬೂನು ಹಚ್ಚಿದರೂ ಹೋಗದು, ಲಿಂಬೆಹಣ್ಣು ತಿಕ್ಕಿದರೂ ಹೋಗದು. ಅದೇ ಬೆರಳನ್ನು ನಾಲಿಗೆಗೆ ಮುಟ್ಟಿಸಿ ಚೀಟಿ ಹರಿಯುತ್ತಿದ್ದರಿಂದ ನಾಲಿಗೆಯ ತುದಿಯೂ ನೀಲಿ. ನಮ್ಮ ಸಂತೆಯಲ್ಲಿ ಕೂತು ಮಾರುವವರೆಲ್ಲ ಅವರನ್ನು ಸುಂಕದ ಸಾಹೇಬರು ಅನ್ನುತ್ತಿದ್ದೆವು.

ನಮ್ಮದು ಸಣ್ಣ ಸಂತೆ. ಶಿರಸಿಯ ಸಂತೆಯ ಹಾಗೆ ಕಾಲಿಡಲು ಜಾಗ ಇಲ್ಲದ್ದಲ್ಲ. ಯಲ್ಲಾಪುರ ರಸ್ತೆಗೆ ತಾಗಿಕೊಂಡು ಪಂಚಾಯ್ತಿಯ ಒಂದು ಮೈದಾನ, ವಾರಕ್ಕೊಮ್ಮೆ ಅಲ್ಲಿ ಮಾರಾಟ. ಕೂತವರ ಹತ್ತಿರ ನೆಲದ ಸುಂಕ ಎತ್ತಿ ಪಂಚಾಯ್ತಿಗೆ ಕಟ್ಟುವುದು ಸಾಹೇಬರ ಕೆಲಸ. ಮುಂಡಗೋಡದ ಕಡೆಯಿಂದ ಬಂದು ಇಲ್ಲಿ ನೆಲೆಸಿದವರು, ಅದಕ್ಕೇ ಅವರ ಮಾತಿಗೆಲ್ಲ ಒಂದೊಂದು ‘ರೀ’ ಇರುತ್ತಿತ್ತು. ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು. ಸುಕೇಳಿ ಮಾರುತ್ತಿದ್ದೆ. ಸುಕೇಳಿ ಅಂದರೆ ಬಿಸಿಲಿಗೆ ಒಣಗಿಸಿದ ಬಾಳೆಹಣ್ಣು. ಅದರ ಸಂಗಡ ಸಾರಿನ ಹುಳಿಗೆ ಹಾಕುವ ಒಣಗಿದ ಮುರುಗಲ ಸಿಪ್ಪೆ, ಕಾಲ ಬಂದಾಗ ಮಾವಿನ ಮಿಡಿ.

ಸಂತೆಗೆ ಒಂದು ಹಳೇ ಕಟ್ಟಳೆ ಇತ್ತು. ಬುಟ್ಟಿ ನೆಲ ಮುಟ್ಟಿದರೆ ಸುಂಕ, ತಲೆಯ ಮೇಲಿದ್ದರೆ ಇಲ್ಲ. ದಾರಿಯಲ್ಲಿ ಹೋಗುವವರಿಗೆ ತೊಂದರೆ ಆಗಬಾರದು ಅಂತ ಯಾರೋ ಪುಣ್ಯಾತ್ಮರು ಮಾಡಿದ್ದಿರಬೇಕು. ನಾವು ಹೆಂಗಸರು ಅದನ್ನು ಚೆನ್ನಾಗಿ ಕಲಿತಿದ್ದೆವು. ಸಾಹೇಬರ ಕೊಡೆ ದೂರದಲ್ಲಿ ಕಂಡದ್ದೇ ತಡ, ಬುಟ್ಟಿ ಎತ್ತಿ ತಲೆಗಿಟ್ಟುಕೊಂಡು, ಈಗಷ್ಟೇ ಬಸ್ಸಿಳಿದವರ ಹಾಗೆ ನಿಲ್ಲುವುದು. ಬೇರೆ ಕಡೆಯ ವಸೂಲಿಯವರಾದರೆ ಬಾಯಿಗೆ ಬಂದ ಹಾಗೆ ಬಯ್ದು ಬುಟ್ಟಿಯೊಳಗಿಂದ ಒಂದು ಹಿಡಿ ಎತ್ತಿಕೊಂಡು ಹೋಗುತ್ತಿದ್ದರು. ಇವರು ಹಾಗಲ್ಲ. ಎದುರಿಗೆ ಬಂದು, ಕೊಡೆ ಊರಿ, ಮಾತಿಗೆ ಶುರು ಮಾಡುತ್ತಿದ್ದರು. ಆಕಳು ಕರು ಹಾಕ್ತೇನ್ರಿ, ಮಗನ ಜ್ವರ ಇಳೀತೇನ್ರಿ, ನಿಮ್ಮ ಕಡೆ ಮಂಗ ಬಾಳೆ ತಿಂದ್ವಂತ ಹೌದೇನ್ರಿ. ಬುಟ್ಟಿಯ ಮಾತೇ ಇಲ್ಲ. ನಮ್ಮ ಕುತ್ತಿಗೆ ಸೆಳೆಯಲು ಶುರುವಾಗುವುದು ಅವರಿಗೆ ಮುಖ ನೋಡಿಯೇ ತಿಳಿಯುತ್ತಿತ್ತು. ಆಗ ಮೆಲ್ಲಗೆ ಕೇಳುತ್ತಿದ್ದರು, “ಭಾರ ಆಗಿಲ್ರೇನು ಅಕ್ಕಾ?”

ಸೋತು ಬುಟ್ಟಿ ಇಳಿಸಿದ ಕೂಡಲೇ ಚೀಟಿ ಹರಿದು ಬುಟ್ಟಿಯ ಅಂಚಿಗೆ ಸಿಗಿಸಿ ಹೋಗುತ್ತಿದ್ದರು. ನಗುತ್ತಿರಲಿಲ್ಲ. ನಕ್ಕಿದ್ದರೆ ನಾನು ಅವತ್ತೇ ಜಗಳ ತೆಗೆಯುತ್ತಿದ್ದೆ.

ಜಗಳ ತೆಗೆದದ್ದು ಬೇರೆ ಕಾರಣಕ್ಕೆ. ಬೆಳಿಗ್ಗೆ ಮನೆ ಬಿಟ್ಟರೆ ಸಂಜೆ ಬಸ್ಸು ಹತ್ತುವ ತನಕ ಹೆಂಗಸರಿಗೆ ಹೋಗಲು ಜಾಗ ಇರಲಿಲ್ಲ. ಗಂಡಸರಿಗೆ ಪಂಚಾಯ್ತಿಯ ಹಿಂದಿನ ಗೋಡೆ ಇತ್ತು. ನಾವು ಸಂತೆಯ ದಿನ ನೀರು ಮುಟ್ಟುತ್ತಿರಲಿಲ್ಲ. ಬೆಳಿಗ್ಗೆ ಚಾ ಇಲ್ಲ, ಮಧ್ಯಾಹ್ನ ಬಿಸಿಲಲ್ಲಿ ನಾಲಿಗೆ ಅಂಗುಳಕ್ಕೆ ಅಂಟಿದರೂ ನೀರು ಇಲ್ಲ. ಒಣಮೀನು ಮಾರುವ ಒಬ್ಬಳು ಉರಿಮೂತ್ರ ಹತ್ತಿ ಆಸ್ಪತ್ರೆಯಲ್ಲಿ ಮಲಗಿದಳು. ಮುಂದಿನ ಸಂತೆಗೆ ಸಾಹೇಬರು ಬಂದಾಗ ನಾನು ಬುಟ್ಟಿ ಎತ್ತಲಿಲ್ಲ. ನಾಲ್ಕು ಜನ ಕೇಳುವ ಹಾಗೆಯೇ ಹೇಳಿದೆ.

“ಸಾಹೇಬ್ರೇ, ನೆಲಕ್ಕೆ ಸುಂಕ ತಕಂಬೂಕೆ ವಾರವಾರ ಬರ್ತ್ರಿ. ನಾವು ಎಲ್ಲಿ ಕೂತು ಉಚ್ಚೆ ಹೊಯ್ಯೂದು ಹೇಳಿ ಒಂದಿನ ಆದ್ರೂ ಕೇಳಿದ್ರಾ?”

ಸುತ್ತ ಇದ್ದವರು ನೆಲ ನೋಡಿದರು. ಸಾಹೇಬರು ಪುಸ್ತಕ ಮುಚ್ಚಿದರು. ಅವತ್ತು ಯಾವ ಹೆಂಗಸಿನ ಹತ್ತಿರವೂ ಚೀಟಿ ಹರಿಯಲಿಲ್ಲ. ಪಂಚಾಯ್ತಿಗೆ ಹೋಗಿ, ಪಾಯಖಾನೆ ಕಟ್ಟುವ ತನಕ ಹೆಂಗಸರ ಸುಂಕ ಎತ್ತುವುದಿಲ್ಲ ಅಂದರಂತೆ. ಕೆಲಸದಿಂದ ತೆಗೀತೇವೆ ಅಂದರೆ, ತೆಗೀರಿ ಅಂದರಂತೆ. ತೆಗೆಯಲಿಲ್ಲ, ಯಾಕೆಂದರೆ ಅವರಷ್ಟು ಪುಕ್ಕಟೆ ಬಯ್ಗುಳ ಕೇಳಿಸಿಕೊಂಡು ಆ ಕೆಲಸ ಮಾಡುವವರು ಇನ್ನೊಬ್ಬರು ಸಿಗುವ ಹಾಗಿರಲಿಲ್ಲ. ಮಳೆಗಾಲದ ಮುಂಚೆ ಪಾಯಖಾನೆ ಎದ್ದಿತು. ಒಳಗೆ ಚಿಲಕ, ಹೊರಗೆ ನಳ. ಗುಡಿಸುವವಳ ಸಂಬಳ, ನೀರಿನ ಪಂಪಿನ ಕರೆಂಟು, ಎಲ್ಲ ಸಂತೆಯ ಸುಂಕದ್ದೇ. ಚಿಲಕ ಮುರಿದರೆ ಬಯ್ಯುವುದು ಸಾಹೇಬರನ್ನು, ನಳ ಬತ್ತಿದರೆ ಬಯ್ಯುವುದು ಸಾಹೇಬರನ್ನು. ಒಮ್ಮೆ ನಾನು ಬಯ್ಯುವುದು ಮುಗಿದ ಮೇಲೆ ಅವರೇ ಮೊಳೆ ಹೊಡೆದು ಚಿಲಕ ಕೂರಿಸಿ ಬಂದು ಹೇಳಿದರು, “ಚೀಟಿ ಹರದ ಮ್ಯಾಲೆ ಬೈಸ್ಕೊಳ್ಳಾಕ ಬೇಕಲ್ರಿ.”

ಅಲ್ಲಿಂದ ಮೇಲೆ ನಾನು ಸಂತೆಯ ದಿನ ಬೆಳಿಗ್ಗೆ ಚಾ ಕುಡಿದು ಹೊರಟೆ. ಬಹಳ ವರ್ಷ ಕುಡಿದೆ.

ಫೋನು ಬಂದದ್ದು ಹೇಗೆ ಅಂತ ನಾನು ಹೇಳಬೇಕಾಗಿಲ್ಲ, ನಿಮ್ಮ ಕೈಯಲ್ಲೂ ಇದೆ. ಮೊದಲು ಸಂತೆ ಬಿಟ್ಟದ್ದು ಸೀರೆಯವನು, ಆಮೇಲೆ ಬಳೆಯವಳು, ಆಮೇಲೆ ಪ್ಲಾಸ್ಟಿಕ್ ಕೊಡ ಮಾರುವವರು. ಸೀರೆ ತಕ್ಕೊಳ್ಳಲು ಬಂದವಳು ನನ್ನ ಹತ್ತಿರ ಸುಕೇಳಿ ತಕ್ಕೊಳ್ಳುತ್ತಿದ್ದಳು. ಅವಳು ಬರದಿದ್ದರೆ ನನಗೂ ವ್ಯಾಪಾರ ಇಲ್ಲ. ನಮ್ಮ ಸೊಸೆಯೇ ಮನೆಯಲ್ಲಿ ಕೂತು ಸುಕೇಳಿಯ ಫೋಟೋ ಹಾಕಿ ಮಾರಲು ಶುರು ಮಾಡಿದಳು. ಚೆನ್ನಾಗಿಯೇ ಹೋಯಿತು, ಸುಳ್ಳು ಹೇಳುವುದಿಲ್ಲ. ಆದರೆ ಫೋಟೋ ನಾಲ್ಕು ಜನಕ್ಕೆ ಕಾಣಬೇಕಾದರೆ ಫೋನಿನ ಕಂಪನಿಗೆ ದುಡ್ಡು ಕಟ್ಟಬೇಕು. ಕಟ್ಟುತ್ತಿದ್ದಳು. ವರ್ಷ ಹೋದ ಹಾಗೆ ಹೆಚ್ಚು ಕಟ್ಟಿದರೂ ಕಡಿಮೆ ಜನಕ್ಕೆ ಕಾಣುತ್ತಿತ್ತಂತೆ.

ಸಂತೆ ಬೋಳಾಯಿತು. ಪಂಚಾಯ್ತಿಯವರು ಲೆಕ್ಕ ಹಾಕಿ, ಗುಡಿಸುವವಳ ಸಂಬಳಕ್ಕೂ ಸುಂಕ ಸಾಲುವುದಿಲ್ಲ, ಹೀಗೇ ಆದರೆ ಸಂತೆ ನಿಲ್ಲಿಸಿ ಮೈದಾನವನ್ನು ಗಾಡಿ ನಿಲ್ಲಿಸುವವರಿಗೆ ಕೊಡುತ್ತೇವೆ ಅಂದರು. ಸಾಹೇಬರಿಗೆ ಅಲ್ಲಿಂದ ನಿದ್ದೆ ಹಾರಿಹೋಯಿತು. ಸಂಬಳಕ್ಕಲ್ಲ. ಮಗ ಶಿರಸಿಯಲ್ಲಿ ಟೆಂಪೋ ಓಡಿಸುತ್ತಿದ್ದ, ಊಟಕ್ಕೆ ತೊಂದರೆ ಇರಲಿಲ್ಲ. ಸಂತೆ ನಿಂತರೆ ತಾನು ಎಂತದ್ದಕ್ಕೆ ಇದ್ದದ್ದು ಅನ್ನುವುದೇ ಅವರಿಗೆ ಹೊಳೆಯುತ್ತಿರಲಿಲ್ಲ.

ಒಂದು ದಿನ ನಮ್ಮ ಮನೆಗೇ ಬಂದರು. ಸೊಸೆಗೆ, ಒಂದು ವಾರವಾದರೂ ಬಂದು ಕುಂದ್ರವ್ವ, ನಾಲ್ಕು ತಲೆ ಕಂಡರೆ ಪಂಚಾಯ್ತಿಯವರು ಸುಮ್ಮನಾಗ್ತಾರೆ ಅಂದರು. ಅವಳು ಕೆಟ್ಟವಳಲ್ಲ, ನೇರ ಮಾತಿನವಳು, ನನ್ನ ಹಾಗೇ.

“ನಾನು ಅವ್ರಿಗೆ ದುಡ್ಡು ಕೊಟ್ರೆ ಅವ್ರು ನಂಗೆ ಜನ ತೋರಿಸ್ತ್ರು ಸಾಹೇಬ್ರೇ. ನೀವು ಎಂತ ತೋರಿಸ್ತ್ರಿ?”

“ನಳ ತೋರಸ್ತೀನವ್ವ,” ಅಂದರು ಸಾಹೇಬರು. ಸೊಸೆ ನಕ್ಕಳು. ಅವರು ನಗಲಿಲ್ಲ. ಅಂಗಳದ ಕಟ್ಟೆಯ ಮೇಲೆ ಕೂತು, ಆ ಕಂಪನಿ ಯಾವ ದೇಶದ್ದು, ಇಲ್ಲಿ ದುಡಿದದ್ದಕ್ಕೆ ಇಲ್ಲಿ ಸುಂಕ ಕಟ್ಟುತ್ತದಾ ಅಂತ ಕೇಳಿದರು. ಸೊಸೆಗೆ ಗೊತ್ತಿರಲಿಲ್ಲ. ಅವಳ ಅಣ್ಣ ಯಲ್ಲಾಪುರದಲ್ಲಿ ಲೆಕ್ಕಪತ್ರ ಬರೆಯುವವನು, ಅವನಿಗೆ ಫೋನು ಮಾಡಿ ಕೇಳಿದಳು. ಕಂಪನಿಯವರ ದುಡಿಮೆಯ ಬಹುಪಾಲು ಬೇರೆ ದೇಶದ ಲೆಕ್ಕಕ್ಕೆ ಹೋಗುತ್ತದೆ, ನಾವು ಇಲ್ಲಿ ಕೂತೇ ಇಲ್ಲ, ಇಲ್ಲಿ ಎಂತಕ್ಕೆ ಕಟ್ಟಬೇಕು ಅನ್ನುತ್ತಾರೆ ಅಂತ ಅವನು ಹೇಳಿದ.

ಸಾಹೇಬರು ಕೊಡೆಯನ್ನು ಕಟ್ಟೆಗೆ ಆನಿಸಿಟ್ಟರು. ಆಮೇಲೆ ನನ್ನ ಕಡೆ ತಿರುಗಿದರು. “ಅಂದ್ರ ಬುಟ್ಟಿ ತಲಿ ಮ್ಯಾಲೇ ಐತಿ ಅನ್ರಿ. ಇಳಸೂದೇ ಇಲ್ಲ. ನಿಮ್ಮ ಮುಂದಾದ್ರ ಕುತ್ತಿಗಿ ನೋಯೂ ತನಕ ನಿಂತಿದ್ದೆ. ಅವನ ಬುಟ್ಟಿಗೆ ಭಾರನೇ ಇಲ್ಲ ಅಕ್ಕಾ. ಎಷ್ಟೊತ್ತು ನಿಲ್ಲಲಿ?”

ನನಗೆ ಅವರ ಸಂಕಟ ಅರ್ಥವಾಯಿತು, ಆದರೆ ಕಂಪನಿಗೂ ಸುಂಕ ಹಾಕಬೇಕು ಅನ್ನುವುದು ಒಪ್ಪಿಗೆಯಾಗಲಿಲ್ಲ. ಹೇಳಿಯೇಬಿಟ್ಟೆ. ಆನೆಗೆ ಹೊರೆ ಹೊರಿಸಿದರೆ ಅದು ಹಸಿದು ಬರುವುದು ನಮ್ಮ ಗದ್ದೆಗೇ. ಸರ್ಕಾರ ಅವನ ಮೇಲೆ ಸುಂಕ ಹಾಕಿದರೆ ಅವನು ನಮ್ಮ ಸೊಸೆಯ ಮೇಲೆ ಹಾಕುತ್ತಾನೆ. ಹೋಗಲಿ, ದಿಲ್ಲಿಗೆ ಹೋದ ದುಡ್ಡು ನಮ್ಮ ಪಾಯಖಾನೆಗೆ ಬರುತ್ತದಾ?

“ಹಾಕ್ತಾನ,” ಅಂದರು. “ನಿಮ್ಮ ಮ್ಯಾಲೇ ಹಾಕ್ತಾನ. ಸೀರಿಯಾಂವನೂ ನನ್ನ ಚೀಟಿ ರೊಕ್ಕ ಸೀರಿ ಮ್ಯಾಲೇ ಹಾಕ್ತಿದ್ದ. ಆದ್ರ ನಳ ಇಲ್ಲೇ ಇತ್ತಲ್ರಿ.”

ದಿಲ್ಲಿಯ ಮಾತನ್ನು ಮನಸ್ಸಿಗೆ ಹಾಕಿಕೊಂಡು ಕೊಡೆ ಎತ್ತಿ ಹೊರಟರು. 

ಮುಂದಿನ ಗ್ರಾಮಸಭೆಯಲ್ಲಿ ಸಾಹೇಬರು ಎದ್ದು ನಿಂತರು. ನಮ್ಮ ಸಂತೆಯ ಗಿರಾಕಿಯನ್ನು ಎಳೆದುಕೊಂಡು ಹೋಗಿ ದುಡಿಯುವ ಕಂಪನಿಗಳು ನಮ್ಮ ದೇಶಕ್ಕೆ ಸುಂಕ ಕಟ್ಟಬೇಕು, ಅದರಲ್ಲಿ ಸಂತೆಗಳಿಗೆ ಪಾಲು ಬರಬೇಕು ಅಂತ ಪಂಚಾಯ್ತಿಯಿಂದ ಮೇಲಿನವರಿಗೆ ಬರೆಯಿರಿ ಅಂದರು. ಹಿಂದಿನಿಂದ ಒಬ್ಬ, “ಸಾಹೇಬ್ರೇ, ಚೀಟಿ ಬುಕ್ಕು ಹಿಡಕಂಡು ವಿಮಾನ ಹತ್ತಿ, ಕೊಡೆ ಮರೀಬೇಡಿ” ಅಂದ. ಸಭೆಯೆಲ್ಲ ನಕ್ಕಿತು. ಅಧ್ಯಕ್ಷರು ನಗು ಮುಗಿದ ಮೇಲೆ, ಇದು ನಮ್ಮ ಕೈಯಲ್ಲಿ ಇಲ್ಲ ಅಂದರು. ಅದೊಂದು ಮಾತು ಖರೆ.

ಸ್ವಲ್ಪ ದಿನಕ್ಕೆ ಚಾದಂಗಡಿಯಲ್ಲಿ ಯಾರೋ ಪೇಪರ್ ಓದಿ ಹೇಳಿದರು. ಪರದೇಶದ ಕಂಪನಿಗಳಿಗೆ ಜಾಹೀರಾತಿನಿಂದ ಬರುವ ದುಡ್ಡಿನ ಮೇಲೆ ನಮ್ಮ ಸರ್ಕಾರ ಒಂದು ಸುಂಕ ಹಾಕಿತ್ತಂತೆ, ಈಗ ಅದನ್ನು ತೆಗೆದುಹಾಕಿತಂತೆ. ಅಮೆರಿಕದವರಿಗೆ ಅದು ಕಣ್ಣಿಗೆ ಚುಚ್ಚುತ್ತಿತ್ತಂತೆ. ಅಂಥ ಸುಂಕವೊಂದು ಇತ್ತು ಅನ್ನುವುದು ಸಾಹೇಬರಿಗೆ ತಿಳಿದದ್ದೇ ಅದು ಹೋದ ದಿನ. ಸಂತೆಯಲ್ಲಿ ನನ್ನೆದುರು ಬಂದು ನಿಂತು ಅದನ್ನೇ ಹೇಳಿ, ಚೀಟಿ ಹರಿಯುವುದನ್ನೂ ಮರೆತು ಹೋದರು. ಅವರು ಮರೆತದ್ದು ನಾನು ಕಂಡದ್ದು ಅದೊಂದೇ ಸಲ. ಕೂಗಿ ಕರೆದು ಸುಂಕದ ದುಡ್ಡು ಕೊಟ್ಟೆ.

ಆಮೇಲೆ ಅವರು ಮಾಡಿದ್ದು ಹುಚ್ಚು ಅಂತಲೇ ನಾನು ಹೇಳುತ್ತೇನೆ. ಫೋನಿನಲ್ಲಿ ಉಪ್ಪಿನಕಾಯಿ, ಹಪ್ಪಳ, ಜೋನಿಬೆಲ್ಲ, ಹೊಲಿದ ಬಟ್ಟೆ ಮಾರುವ ಹೆಂಗಸರ ಮನೆಗಳನ್ನು ಹುಡುಕಿಕೊಂಡು ಬಸ್ಸು ಹತ್ತಿದರು. ವಜ್ರಳ್ಳಿಯ ಕಡೆ ಹೋದರು, ಹುಲೇಕಲ್ ಕಡೆ ಹೋದರು, ಸಿದ್ದಾಪುರದ ತನಕವೂ ಹೋದರು. ಒಂದೇ ಒಂದು ಸಂತೆಗಾದರೂ ಬಂದು ಕುಂದ್ರಿ ಅಂತ ಕೇಳುವುದು. ಕೆಲವರು ಚಾ ಕೊಟ್ಟರು, ಕೆಲವರು ನಾಯಿ ಕಟ್ಟಲಿಲ್ಲ. ಕೊರಿಯರ್‌ನವನು ಬಾಗಿಲಿಗೆ ಬಂದು ಒಯ್ಯುವಾಗ ಬಿಸಿಲಲ್ಲಿ ಯಾರು ಕೂರುತ್ತಾರೆ? ಯಾರೂ ಬರಲಿಲ್ಲ. ನಾನು, ಒಣಮೀನಿನವಳು, ಮಡಕೆಯ ಮುದುಕ, ಇಷ್ಟೇ ಉಳಿದದ್ದು. ಬಸ್ಸಿನ ಧೂಳಿಗೋ ಚಿಂತೆಗೋ ಸಾಹೇಬರಿಗೆ ಕೆಮ್ಮು ಹತ್ತಿಕೊಂಡಿತು.

ಹಾಗಿರುವಾಗ ಸೊಸೆಯ ಅಂಗಡಿ ಮಾಯವಾಯಿತು. ಒಂದು ಬೆಳಿಗ್ಗೆ ಫೋನು ತೆಗೆದರೆ ಅವಳ ಫೋಟೋಗಳಿಲ್ಲ, ಗಿರಾಕಿಗಳಿಲ್ಲ, ಹೆಸರೇ ಇಲ್ಲ. ಎಂತದೋ ನಿಯಮ ಮುರಿದಿದ್ದೀರಿ ಅಂತ ಒಂದು ಸಾಲು, ಅಷ್ಟೇ. ಯಾವ ನಿಯಮ ಅಂತ ಇಲ್ಲ. ಬರೆದಳು, ಬರೆದಳು. ಪ್ರತಿ ಸಲ ಅದೇ ಸಾಲು ವಾಪಸು ಬಂತು. ಯಂತ್ರ ಬರೆಯುವುದಂತೆ, ಮನುಷ್ಯರಲ್ಲ. ಸುಗ್ಗಿಯ ಸುಕೇಳಿಯೆಲ್ಲ ಡಬ್ಬಿಯಲ್ಲಿ ತುಂಬಿಟ್ಟಿತ್ತು. ಮೊದಲ ಮಳೆಯ ತಂಪು ಹೊಡೆದದ್ದೇ ಬಿಳೀ ಬೂಸಲು ಹಿಡಿಯಿತು. ಸೊಸೆ ಡಬ್ಬಿಗಳ ಎದುರು ಕೂತು ಗೋಡೆಗೆ ತಲೆ ಆನಿಸಿ, “ಯಾರ ಮನೆ ಬಾಗ್ಲಿಗೆ ಹೋಗ್ಲಿ ಅತ್ತೆ?” ಅಂದಳು. ಅಳುವವಳಲ್ಲ ಅವಳು. ನಾನು ಪಕ್ಕದಲ್ಲಿ ಕೂತು ಒಂದೊಂದೇ ಡಬ್ಬಿ ಬಿಚ್ಚತೊಡಗಿದೆ.

ಕೆಡದೆ ಉಳಿದದ್ದನ್ನು ಆರಿಸಿ, ಮುಂದಿನ ಸಂತೆಗೆ ಅವಳೂ ಬುಟ್ಟಿ ಹೊತ್ತು ನನ್ನ ಸಂಗಡ ಬಂದಳು. ಮೈದಾನದ ಗೇಟಿಗೆ ಸರಪಳಿ. ಒಳಗೆ ಒಂದು ಜೆಸಿಬಿ ನಿಂತಿತ್ತು. ಪಂಚಾಯ್ತಿಯವರು ಅದೇ ವಾರ ಸಂತೆ ನಿಲ್ಲಿಸಿಬಿಟ್ಟಿದ್ದರು. ಸಾಹೇಬರು ಗೇಟಿನ ಹೊರಗೆ ಕೊಡೆ ಹಿಡಿದು ನಿಂತಿದ್ದರು, ಕೈಯಲ್ಲಿ ಪುಸ್ತಕ ಇಲ್ಲ. ಸೊಸೆಯ ತಲೆಯ ಬುಟ್ಟಿ ನೋಡಿದರು. ಯಾವತ್ತಿನ ಹಾಗೆ ಭಾರ ಆಗಿಲ್ರೇನು ಅಂತ ಕೇಳಲಿಲ್ಲ. ಅವಳೇ ಅವರ ಎದುರು ಡಾಂಬರಿನ ಅಂಚಿಗೆ ಬುಟ್ಟಿ ಇಳಿಸಿದಳು. ಅವರು ಮುಖ ಆ ಕಡೆ ತಿರುಗಿಸಿದರು.

ಮಳೆಗಾಲದಲ್ಲಿ ಮಲಗಿದ ಸಾಹೇಬರು ಏಳಲಿಲ್ಲ. ನೋಡಲು ಹೋದೆ. ಅವರ ಹೆಂಡತಿ ತಲೆದಿಂಬು ಎತ್ತರಿಸಿ ಕೂರಿಸಿದರು. ಚಾದರದ ಹೊರಗೆ ಕೈ ಇತ್ತು. ಹೆಬ್ಬೆಟ್ಟು ಬೆಳ್ಳಗಾಗಿತ್ತು. ಸಾಬೂನಿಗೂ ಹೋಗದ ನೀಲಿ, ಕೆಲಸ ಇಲ್ಲದೆ ತಾನೇ ಹೋಗಿತ್ತು. ನನಗೆ ಅದನ್ನು ನೋಡಲು ಆಗಲಿಲ್ಲ, ಸೊಸೆಯ ಸುದ್ದಿ ಹೇಳಿದೆ.

“ಬೈಯ್ಯಾಕ ಯಾರರ ಸಿಕ್ರೇನ್ರಿ?” ಅಂತ ಕೇಳಿದರು.

ಇಲ್ಲ ಅಂದೆ.

ಕೆಮ್ಮು ನಿಲ್ಲುವ ತನಕ ಕಾದು ಹೇಳಿದರು, “ನನಗ ಬೈತಿದ್ರಲ್ಲ ಅಕ್ಕಾ. ನೀವು ಸುಂಕ ಕೊಡ್ತಿದ್ದದ್ದು ಅದಕ್ಕ.”

ಅದಾಗಿ ವಾರ ಕಳೆಯುವುದರೊಳಗೆ ಹೋದರು. ಖಬರಸ್ಥಾನಕ್ಕೆ ಹೆಂಗಸರು ಹೋಗುವ ಹಾಗಿಲ್ಲ, ಮನೆಯಲ್ಲೇ ಕೂತು ಬಂದೆ. ಇದ್ದಾಗ ಅವರಿಗೆ ನಾನು ಒಂದು ಒಳ್ಳೆ ಮಾತು ಆಡಿದ್ದಿಲ್ಲ. ಅವರಿಗೂ ಅದು ಬೇಕಿರಲಿಲ್ಲ.

ಬೇರೆ ದೇಶದ ಕಂಪನಿಗೆ ಸುಂಕ ಹಾಕಬೇಕೋ ಬೇಡವೋ, ಓದಿದವರು ಟೀವಿಯಲ್ಲಿ ಜಗಳ ಆಡುತ್ತಾರೆ. ಹಾಕಿದರೆ ನಮ್ಮ ಸಂತೆ ವಾಪಸು ಬರುತ್ತದೆ ಅಂತ ನಾನು ನಂಬುವುದಿಲ್ಲ. ಆದರೂ ಹಾಕಿ ಅಂತಲೇ ನನ್ನ ಮಾತು. ಬುಟ್ಟಿ ಇಳಿಸದವನಿಗೆ ಚಿಲಕ ಮುರಿದದ್ದು ಯಾವತ್ತೂ ಕಾಣುವುದಿಲ್ಲ.

ಸೊಸೆ ಈಗ ಬೇರೆ ಹೆಸರಿನಲ್ಲಿ ಮತ್ತೆ ಫೋಟೋ ಹಾಕಿದ್ದಾಳೆ, ಮತ್ತೆ ದುಡ್ಡು ಕಟ್ಟುತ್ತಿದ್ದಾಳೆ. ಬೇರೆ ಎಂತ ಮಾಡುತ್ತಾಳೆ? ನಾನು ಸಂತೆಯ ದಿನ ಅದೇ ಗೇಟಿನ ಹೊರಗೆ, ರಸ್ತೆಯ ಅಂಚಿನಲ್ಲಿ ಕೂರುತ್ತೇನೆ. ಒಣಮೀನಿನವಳೂ ಬರುತ್ತಾಳೆ. ಚೀಟಿ ಹರಿಯಲು ಯಾರೂ ಬರುವುದಿಲ್ಲ. ಪಾಯಖಾನೆ ಒಡೆದು ಅಲ್ಲಿ ಕಾರು ನಿಲ್ಲಿಸುತ್ತಾರೆ. ಬೆಳಿಗ್ಗೆ ಸೊಸೆ ಚಾ ತಂದರೆ ಬೇಡ ಅನ್ನುತ್ತೇನೆ. ಒಣ ಬಾಯಲ್ಲೇ ಬಸ್ಸು ಹತ್ತುತ್ತೇನೆ.